ರಕ್ಷಣಾ ದಳದ ಎಂಟು ದಿನ

ಅಲ್ ಹೈಲ್, 24 ಜನವರಿ 1991, ಗುರುವಾರ

ನಾನು ಟೈಪ್ ಮಾಡಿದ ಪಟ್ಟಿ ನಮ್ಮ ಕಂಪೆನಿಯ ಅರಬ್ ಮಾಲಿಕರಾದ ಕಫೀಲರ ಜೇಬಿನಲ್ಲಿದೆ.

ಕೊಲ್ಲಿಯಲ್ಲಿ ಯುದ್ಧ ಶುರುವಾದ ದಿನ ಕಂಪೆನಿ ಕ್ವಾರ್ಟರ್ಸಿನ ಹನ್ನೊಂದು ಗಂಡಸರು ಸೇರಿ ರಕ್ಷಣಾ ದಳ ಕಟ್ಟಿದರು. ಊರಿನಲ್ಲಿ ಹವಾಲ್ದಾರರಾಗಿದ್ದ ಸಿಪ್ರಿಯನ್ ಕಮಾಂಡರ್. ಆಯುಧವೆಂದರೆ ಟಾರ್ಚು, ಕ್ರಿಕೆಟ್ ಬ್ಯಾಟು. ಕಾವಲಿನ ಪಟ್ಟಿಯನ್ನು ನಾನು ಆಫೀಸಿನಲ್ಲಿ ಟೈಪ್ ಮಾಡಿದೆ. ಅಭ್ಯಾಸಬಲದಿಂದ ಲೆಟರ್‌ಹೆಡ್ ಹಾಕಿದೆ, ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿದೆ, ಕಾರ್ಬನ್ ಪ್ರತಿಯನ್ನು ಫೈಲಿಗೂ ಹಾಕಿದೆ.

ಮಧ್ಯಾಹ್ನ ಕಫೀಲರು ಆ ಫೈಲು ತೆರೆದರು. ನಮ್ಮೆಲ್ಲರ ವೀಸಾ ಅವರ ಕೈಯಲ್ಲಿದೆ. ಗದರಲಿಲ್ಲ. “ಇದು ಯಾರ ಸೈನ್ಯ?” ಎಂದು ಹಿಂದಿಯಲ್ಲಿ ಕೇಳಿ, ಹಾಳೆ ಮಡಚಿಕೊಂಡು ಹೊರಟರು.

ಸಂಜೆಯೇ ಸಿಪ್ರಿಯನ್ ದಳವನ್ನು ವಿಸರ್ಜಿಸಿದರು. “ಖಲಾಸ್. ಎಂಟು ದಿನದಲ್ಲಿ ಒಂದು ಕಳ್ಳ ಬೆಕ್ಕು ಸಹ ಸಿಗಲಿಲ್ಲ ಮಾರಾಯ್ರೆ.”

ನನ್ನವರು, ಆಸ್ವಾಲ್ಡ್, ಮೆಲ್ಲಗೆ ಕೇಳಿದರು: “ಅದನ್ನು ಫೈಲಿಗೆ ಹಾಕ್ಲಿಕ್ಕೆ ನಿನಗೆ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ಅಚ್ಚುಕಟ್ಟು ಎಂದು ನಾನು ಹೆಮ್ಮೆಪಟ್ಟದ್ದು ಇದಕ್ಕೆಯೇ? ಹನ್ನೊಂದು ಸಂಸಾರಗಳನ್ನು ಊರಿಗೆ ಅಟ್ಟಲು ಆ ಒಂದು ಹಾಳೆ ಸಾಕು. ನಾಳೆ ರಜೆ. ಶನಿವಾರದವರೆಗೆ ಏನೂ ತಿಳಿಯದು.

ಆಸ್ವಾಲ್ಡ್ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಅವರಿಗೂ ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ಗೊತ್ತಾಗುತ್ತದೆ. ಕರೆಯಬೇಕು, ಆದರೆ ಕರೆದು ಏನೆಂದು ಹೇಳಲಿ?