ಹಿಂದಿನ ಪ್ಯಾಡ್

7 ಜನವರಿ 2025, ಮಂಗಳವಾರ. ಅಂಗಡಿ, ಮಧ್ಯಾಹ್ನ

ಸಮಸ್ತ ಬೀಜ-ಗೊಬ್ಬರ-ಕೀಟನಾಶಕ ವ್ಯಾಪಾರಸ್ಥರ ಹೊಸ ವರ್ಷದ ಉಚಿತ ಕೊಡುಗೆಯೂ, ಹಸಿರು ರೆಕ್ಸಿನ್ ಕವಚಧಾರಿಯೂ, ಮೊದಲ ಪುಟದಲ್ಲೇ ಹಾವು ಕಚ್ಚಿದರೆ ಮಾಡಬೇಕಾದ ಏಳು ಕ್ರಮಗಳನ್ನು ಹೊತ್ತವರೂ ಆದ ದಿನಚರಿ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ಅಣ್ಣಿಗೇರಿ ಟ್ರ್ಯಾಕ್ಟರ್ ಬಿಡಿಭಾಗ ಸಂಸ್ಥಾನದ ಯುವರಾಜ, ಬ್ರೇಕ್ ಶಾಸ್ತ್ರ ಪಾರಂಗತ, ಡಿಪ್ಲೊಮಾದಲ್ಲಿ ಒಂದೇ ಒಂದು ಸಬ್ಜೆಕ್ಟ್ ಉಳಿಸಿಕೊಂಡಿರುವ ಗೌರೀಶನು ಸಾಷ್ಟಾಂಗವೆರಗಿ ಮಾಡಿಕೊಳ್ಳುವ ಬಿನ್ನಹವೇನೆಂದರೆ —

ಬ್ರೇಕ್ ಪ್ಯಾಡ್ ಬಂದವು.

ಎರಡು ಡಬ್ಬಿ. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ರೇಸ್ ಟ್ರ್ಯಾಕಿನ ಮಾಲು. ಕಾದಷ್ಟೂ ಕಚ್ಚುತ್ತವೆ. ರಸ್ತೆ ಮೇಲಿನ ಸಾದಾ ಪ್ಯಾಡ್ ಕಾದಷ್ಟೂ ಜಾರುತ್ತದೆ. ವ್ಯತ್ಯಾಸ ಇಷ್ಟೇ. ಅಪ್ಪ ಒಂದನ್ನು ಎತ್ತಿ ಮೂಸಿ ನೋಡಿ, "ಇದ್ಯಾವ ಟ್ರ್ಯಾಕ್ಟರಿಂದಲೇ?" ಅಂದರು. ಐಚರ್‌ದು ಅಂದೆ. ನಂಬಿದರು.

ಗಾಡಿ ಹಾರೂನನದು. ಗುದ್ದಿಸಿಕೊಂಡು ಬಿದ್ದಿದ್ದ ಹಳೇ ಸಿವಿಕ್ ಕಾರು. ಅವನ ಗ್ಯಾರೇಜಿನಲ್ಲಿ ಒಂದೂವರೆ ವರ್ಷ ಕೂತು ಕಟ್ಟಿದ್ದೇವೆ. ಹಿಂದಿನ ಸೀಟು, ಏಸಿ, ಕಾರ್ಪೆಟ್ ಎಲ್ಲ ಹೊರಗೆ. ಮಗುಚಿದರೆ ತಲೆ ಉಳಿಯಲಿ ಅಂತ ಒಳಗೆ ಪೈಪಿನ ಪಂಜರ. ಬೆಸುಗೆ ಹಾಕಿದವರು ಟ್ರಾಲಿ ಮಾಡುವವರು. ಆದ್ದರಿಂದ ನಮ್ಮ ರೇಸ್ ಕಾರಿನಲ್ಲಿ ಕೂತರೆ ನಾನೊಂದು ಕಡಲೆ ಚೀಲ ಅನಿಸುತ್ತದೆ.

ಓಡಿಸುವುದು ಶಗುಫ್ತಾ. ಹಾರೂನನ ತಂಗಿ. ನಾನಲ್ಲ. ಇದನ್ನು ಇಲ್ಲಿ ಒಂದೇ ಸಲ ಬರೆಯುತ್ತೇನೆ — ಡಿಸೆಂಬರಿನಲ್ಲಿ ಬಂದ್ ಬಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಎಣ್ಣೆ ಡಬ್ಬಿ ನಿಲ್ಲಿಸಿ ಸ್ಟಾಪ್‌ವಾಚ್ ಹಿಡಿದೆವು. ನಾನು ನಲವತ್ತೊಂದು ಸೆಕೆಂಡ್, ಎರಡು ಡಬ್ಬಿ ಬಲಿ. ಅವಳು ಮೂವತ್ತೇಳು. ಒಂದು ಡಬ್ಬಿಯೂ ಅಲುಗಲಿಲ್ಲ. ಇಳಿದು ಬಂದು, "ಗೌರ್ಯಾ, ನಿನ್ನ ತಲಿ ಚೊಲೋ ಐತಿ. ಕಾಲ ಅಷ್ಟ ಸುಮಾರ" ಅಂದಳು. ಅಂದಿನಿಂದ ನಾನು ಚೀಫ್ ಎಂಜಿನಿಯರ್.

12 ಜನವರಿ, ಭಾನುವಾರ

ಗ್ಯಾರೇಜ್. ಇವತ್ತು ಕನ್ನಡ ಭಾಷೆ ನಮ್ಮ ಮೇಲೆ ಹಲ್ಲೆ ನಡೆಸಿತು.

ನಾನು ಗಾಡಿ ಕೆಳಗೆ ಮಲಗಿದ್ದೆ. "ಹಿಂದಿನ ಪ್ಯಾಡ್ ಕೊಡು" ಅಂದೆ. ಹಾರೂನ್ ಹಳೇದು ಕೊಟ್ಟ. "ಇದಲ್ಲಲೇ, ಹಿಂದಿಂದು." ಮತ್ತೊಂದು ಹಳೇದು ಕೊಟ್ಟ.

"ಹಿಂದಿನ ಗಾಲೀದು ಕೊಡೋ ಮಾರಾಯಾ!"

"ಹಂಗನ್ನು. ಹಿಂದಿನ್ವು ಅಂದ್ರ ಮೊದಲ ಇದ್ದಾವು ಅಂತ ತಿಳಕೊಂಡೆ."

ಶಗುಫ್ತಾ ಟೈರಿನ ಮೇಲೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು. "ಟ್ರ್ಯಾಕಿನ್ಯಾಗ ಹಿಂಗಾದ್ರ ನನ್ನ ಮಣ್ಣ ಮಾಡಾಕ ಬರ್ರಿ ಇಬ್ರೂ."

ತಕ್ಷಣ ರಾಜಶಾಸನ ಹೊರಡಿಸಿದೆ. ರಟ್ಟಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆದು ಗೋಡೆಗೆ ಹಚ್ಚಿದೆ: "ಸಕಲ ಮೆಕ್ಯಾನಿಕ್ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಈ ಸಂಸ್ಥಾನದಲ್ಲಿ ಮುಂದಿನ ಗಾಲಿಗೆ ಮುಖ ಎಂಬರ್ಥದ *ಮಾರಿ* ಎಂತಲೂ, ಹಿಂದಿನ ಗಾಲಿಗೆ *ಬಾಲ* ಎಂತಲೂ ಕರೆಯತಕ್ಕದ್ದು. *ಹಿಂದಿನ* ಎಂಬ ಪದವನ್ನು ಗಡೀಪಾರು ಮಾಡಲಾಗಿದೆ. ಉಚ್ಚರಿಸಿದವರು ಎಲ್ಲರಿಗೂ ಚಹಾ ಕುಡಿಸತಕ್ಕದ್ದು."

ಮೊದಲ ಚಹಾ ನಾನೇ ಕುಡಿಸಿದೆ.

19 ಜನವರಿ, ಭಾನುವಾರ

ರೇಸ್ ತಂಡದ ಆಯ್ಕೆ ಟ್ರಯಲ್‌ನ ಈಮೇಲ್ ಬಂತು. ಫೆಬ್ರವರಿ 16, ಕೊಯಮತ್ತೂರಿನ ಟ್ರ್ಯಾಕ್. ದೇಶದ ಹುಡುಗಿಯರಲ್ಲಿ ಆರು ಜನರನ್ನು ಆರಿಸುತ್ತಾರೆ. ಗಾಡಿ ನಮ್ಮದು. ಆರಿಸಿಕೊಂಡರೆ ಮುಂದೆ ಒಂದು ವರ್ಷ ಎಲ್ಲ ಅವರದು. ಇಪ್ಪತ್ತೆರಡು ತುಂಬಿರಬಾರದು. ಶಗುಫ್ತಾಗೆ ಜೂನಿನಲ್ಲಿ ತುಂಬುತ್ತದೆ.

ಅವರ ಅಮ್ಮ ಮುಮತಾಜ್ ಖಾಲಾ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟರು. "ಒಂದ ಸಲಾ. ತಗೊಂಡ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ತಗೋಲಿಲ್ಲಂದ್ರ ಮತ್ತ ಸ್ಟೇರಿಂಗ್ ಹೆಸರ ಎತ್ತಬಾರ್ದು. ಸಾಲ್ಯಾಗ ಟೀಚರ್ ನೌಕರಿ ಹಿಡೀಬೇಕು."

ಶಗುಫ್ತಾ "ಹೂಂ" ಅಂದಳು. ಒಂದೇ ಸಲ. ಅವಳು ಒಂದೇ ಸಲ ಹೂಂ ಅಂದರೆ ಮುಗಿಯಿತು.

26 ಜನವರಿ, ಭಾನುವಾರ

ಹೊಸ ಪ್ಯಾಡಿಗೆ ಹದ ಬರಬೇಕು. ಜೋರು ಓಡಿಸಿ ಜೋರು ಬ್ರೇಕು, ಪೂರ್ತಿ ನಿಲ್ಲಬಾರದು, ಮತ್ತೆ ಓಡಿಸು. ಹತ್ತು ಸಲ. ಜಿನ್ನಿಂಗ್ ಮಿಲ್ಲಿಗೆ ಹೋದರೆ ಅರ್ಧ ಅಂಗಳಕ್ಕೆ ಯಾರೋ ಮೆಣಸಿನಕಾಯಿ ಹಾಸಿದ್ದಾರೆ. ಕೆಂಪು ಸಮುದ್ರ. ಅದರ ದಂಡೆಯಲ್ಲಿ ನಮ್ಮ ಸಿವಿಕ್.

ನಾಲ್ಕನೇ ಬ್ರೇಕಿಗೆ ಘಾಟು ಎದ್ದಿತು. ವಾಚ್‌ಮನ್ ಮಾಳಿಂಗರಾಯ ಸೀನುತ್ತ ಓಡಿ ಬಂದ. "ಏ ಸಾಹೇಬ್ರ! ಇದು — ಆಕ್ಷೀ — ಮೆಣಸಿನಕಾಯಿ ಕಣಾನೋ ಏರೋಡ್ರಮ್ಮೋ?"

"ಗಣರಾಜ್ಯೋತ್ಸವದ ಪರೇಡ್ ನಡದೈತಿ ಕಾಕಾ. ನೀವು ಸೆಲ್ಯೂಟ್ ಹೊಡೀರಿ" ಅಂದೆ. ಗಂಭೀರವಾಗಿ. ಮನುಷ್ಯ ಕೈ ಅರ್ಧ ಎತ್ತಿದ. ಆಮೇಲೆ ಕಲ್ಲು ಎತ್ತಿದ.

ಹದ ಅಲ್ಲಿ ಪೂರ್ತಿ ಆಗಲಿಲ್ಲ. ಉಳಿದ ಆರು ಬೈಪಾಸಿನ ಮೇಲೆ. ಹೊಸವು ನಾಲ್ಕೂ ಗಾಲಿಗೆ ಇವೆ, ಗಾಡಿ ನೆಟ್ಟಗೆ ನಿಲ್ಲುತ್ತದೆ. ಆದರೆ ಇಲ್ಲಿ ಅವು ಎಲ್ಲಿ ಕಾಯುತ್ತವೆ? ಟ್ರ್ಯಾಕಿನ ಬಿಸಿಯೇ ಬೇರೆ.

6 ಫೆಬ್ರವರಿ, ಗುರುವಾರ

ಜಗಳ.

ನನ್ನ ಮಾತು: ಮಾರಿಗೆ ಹೊಸದು, ಬಾಲಕ್ಕೆ ಹಳೇದು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದೆ ಬರುತ್ತದೆ, ಬಾಲ ಹಗುರ. ಹಗುರಾದ ಗಾಲಿಗೂ ಅಷ್ಟೇ ಬಲವಾಗಿ ಕಚ್ಚುವ ಪ್ಯಾಡ್ ಕೊಟ್ಟರೆ ಅದು ಬೇಗ ಬಿಗಿಯುತ್ತದೆ, ಬಾಲ ತಿರುಗುತ್ತದೆ. ಖಾಲಿ ಟ್ರಾಲಿ ಅಡ್ಡ ತಿರುಗೋದು ನೋಡಿಲ್ಲವೇ?

ಶಗುಫ್ತಾ ಟ್ರಯಲ್ ನಡೆಸುವ ಕೊಯಮತ್ತೂರಿನ ಕೋಚಿಗೆ ಫೋನ್ ಮಾಡಿದಳು. ಕೋಚು, ನಾಲ್ಕಕ್ಕೂ ಒಂದೇ ಮಾಲು ಇರಲಿ ಅಂದರಂತೆ. "ಅವ್ರು ಇಪ್ಪತ್ತ ವರ್ಷ ಮಾಡ್ಯಾರ, ಗೌರೀಶ."

ಗೌರ್ಯಾ ಅಲ್ಲ. ಗೌರೀಶ.

ಹಾರೂನ್ ನನ್ನ ಮುಖ ನೋಡಲಿಲ್ಲ. ಆಮೇಲೆ ಎರಡನೇ ಸುದ್ದಿ ಹೊರಬಂತು. ಒಂದು ಗಾಡಿಗೆ ಪಾಸು ಇಬ್ಬರಿಗೆ. ಡ್ರೈವರ್, ಒಬ್ಬ ಮೆಕ್ಯಾನಿಕ್. "ನಂದು ಗ್ಯಾರೇಜ್ ಲೈಸೆನ್ಸ್ ಐತಲಾ, ಅದಕ್ಕ..." ಅಂದ.

ಚೀಫ್ ಎಂಜಿನಿಯರ್ ಹುದ್ದೆ ಗೌರವಾರ್ಥದ್ದು ಅಂತ ಗೊತ್ತಾಯಿತು.

13 ಫೆಬ್ರವರಿ, ಗುರುವಾರ

ಹೋದರು. ಮಿನಿ ಲಾರಿ ಮೇಲೆ ಸಿವಿಕ್, ತಾಡಪತ್ರಿ ಹೊದಿಸಿ. ಹಳೇ ಪ್ಯಾಡ್ ಒಂದು ಡಬ್ಬಿಯಲ್ಲಿ ಕಟ್ಟಿ ಕೊಟ್ಟೆ. ಎಂಟೂ ಇರಲಿ, ಬೇಕಾದೀತು ಅಂದೆ. ಮುಮತಾಜ್ ಖಾಲಾ ಬಾನೆಟ್ಟಿನ ಮೇಲೆ ಕೈ ಇಟ್ಟು ಏನೋ ಓದಿ ಊದಿದರು. ಶಗುಫ್ತಾ ಹೆಲ್ಮೆಟ್ಟನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದಳು. "ಬರ್ತೀನೋ ಗೌರ್ಯಾ" ಅಂದಳು.

ನಾನು ಸಂಸ್ಥಾನದ ಪದ್ಧತಿಯಂತೆ ಸೆಲ್ಯೂಟ್ ಹೊಡೆದೆ. ಅವಳು ನಕ್ಕಳು. ನಾನು ನಗಲಿಲ್ಲ. ತಮಾಷೆ ಅಂದುಕೊಂಡಿರಬೇಕು.

15 ಫೆಬ್ರವರಿ, ಶನಿವಾರ. ಸಂಜೆ

ಇವತ್ತು ಅಲ್ಲಿ ಪ್ರಾಕ್ಟೀಸ್. ಯಾರೂ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಎಂಟು ಬೇರಿಂಗ್, ಒಂದು ಫ್ಯಾನ್ ಬೆಲ್ಟ್ ಮಾರಿದೆ.

16 ಫೆಬ್ರವರಿ, ಭಾನುವಾರ. 11.30

ಬಂತು! ಹಾರೂನನ ವಾಯ್ಸ್ ಮೆಸೇಜು. ಹಿಂದೆ ಗಾಡಿಗಳ ಗದ್ದಲ. "ಲೇ ಗೌರ್ಯಾ, ನೀ ಹೇಳಿದ್ದ ಖರೇ ಆತಲೇ. ನಿನ್ನೆ ಎರಡ ಸಲಾ ತಿರುಗಿ ನಿಂತ್ಲು. ಬ್ರೇಕ್ ಹಿಡದ್ರ ಸಾಕು, ಬಾಲ ಹೊಂಟತಿ. ಹನ್ನೆರಡೂವರಿಗೆ ನಮ್ಮ ಪಾಳಿ. ಏನ್ ಮಾಡೂಣು? ಲಗೂನ ಹೇಳು."

ಇದನ್ನು ಮೂರು ಸಲ ಕೇಳಿದೆ. "ನೀ ಹೇಳಿದ್ದ ಖರೇ ಆತಲೇ" ಅನ್ನುವ ಜಾಗ ಮಾತ್ರ ಐದು ಸಲ.

ಮಹಾಪ್ರಭುಗಳೇ, ಇಪ್ಪತ್ತು ವರ್ಷದ ಕೋಚು ಒಂದು ಕಡೆ, ಅಣ್ಣಿಗೇರಿಯ ಕೌಂಟರು ಒಂದು ಕಡೆ. ಉದ್ದ ಉತ್ತರ ಬರೆಯುವ ಅಗತ್ಯ ಕಾಣಲಿಲ್ಲ. ಮೂರೇ ಪದ ಕಳಿಸಿದೆ: "ಹಿಂದಿನ ಪ್ಯಾಡ್ ಹಾಕು."

ಬಾಲದ ಹೊಸವು ತೆಗೆದು ಹಳೇವು ಹಾಕಬೇಕು. ಇಪ್ಪತ್ತು ನಿಮಿಷದ ಕೆಲಸ. ಫೋನ್ ಚಾರ್ಜಿಗೆ ಹಾಕಿ ಗೋದಾಮಿಗೆ ಹೋಗುತ್ತೇನೆ.

ಅದೇ ದಿನ. 4.15

ಹಾರೂನ್ ಫೋನ್ ಮಾಡಿದ್ದ.

ನಾಲ್ಕನೇ ಸುತ್ತು. ಉದ್ದದ ದಾರಿ ಮುಗಿಯುವ ಕಡೆ. "ಪೆಡಲ್ ಗಟ್ಟಿ ಇತ್ತಂತ. ಎರಡೂ ಕಾಲ ಕೊಟ್ಟ ಒತ್ಯಾಳ. ಗಾಡಿ ನಿಂದರಲಿಲ್ಲಲೇ."

ನೇರ ಟೈರಿನ ಗೋಡೆಗೆ. ಶಗುಫ್ತಾಳ ಎಡಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಟ್ರಾಲಿಯವರ ಪಂಜರ ತಲೆ ಉಳಿಸಿದೆ.

ಪೆಡಲ್ ಗಟ್ಟಿ, ಗಾಡಿ ನಿಲ್ಲಲಿಲ್ಲ. ಬ್ರೇಕ್ ಎಣ್ಣೆ ಕುದ್ದರೆ ಪೆಡಲ್ ಮೆತ್ತಗಾಗುತ್ತದೆ. ಗಟ್ಟಿ ಇದ್ದೂ ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ ಅಂತ. ಮುಂದಿನದು. ಆದರೆ ಮುಂದೆ ಟ್ರ್ಯಾಕ್ ಪ್ಯಾಡ್ ಇತ್ತಲ್ಲ?

"ಮಾರಿಗೆ ಯಾವು ಇದ್ವು?" ಅಂದೆ.

"ನೀ ಹೇಳಿದ್ದ. ಹಿಂದಿನ್ವು. ನಾಕಕ್ಕೂ."

"ನಾ ಬಾಲಕ್ಕ ಅಂದಿದ್ದೆ!"

"ಬಾಲಾ ಅಂದಿಲ್ಲ ನೀ. ಬಾಲಾ ಅಂದಿದ್ರ ಬಾಲಕ್ಕ ಹಾಕ್ತಿದ್ದೆ. ಹಿಂದಿನ್ವು ಅಂದಿ. ಗ್ವಾಡಿ ಮ್ಯಾಲಿನ ಕಾಯ್ದೆ ನಿಂದ ಐತಿ — ಗಾಲಿಗೆ ಆ ಶಬ್ದ ಬಳಸಂಗಿಲ್ಲ. ಹಂಗಂದ್ರ ಹಳೇವು ಅಂತ ಆತಲಾ?"

ಫೋನ್ ಸ್ಪೀಕರಿಗೆ ಹಾಕಿ, ಕಳಿಸಿದ ಮೆಸೇಜು ತೆಗೆದು ನೋಡಿದೆ.

"ನನಗೂ ಡೌಟ್ ಬಂತು. ಆಕಿಗೂ ಬಂತು. ಮೂರ ಸಲಾ ಫೋನ್ ಮಾಡಿದ್ಲು ನಿನಗ. ಎತ್ತಲಿಲ್ಲ. ಆಕಿನ ಅಂದ್ಲು — ಒಮ್ಮೆ ಅವನ ಮಾತ ಕೇಳಲಿಲ್ಲ, ಬಾಲ ತಿರುಗ್ತು. ಈ ಸಲ ಕಣ್ಣ ಮುಚ್ಚಿ ಕೇಳೂಣು ಅಂತ."

"ಫೋನ್ ಚಾರ್ಜಿಗಿತ್ತು. ನಾ ಗೋದಾಮಿನ್ಯಾಗಿದ್ದೆ."

"ಹೂಂ" ಅಂದ.

17 ಫೆಬ್ರವರಿ, ಸೋಮವಾರ

ಮೊಕದ್ದಮೆ ನಡೆಸಿದೆ. ಕಟಕಟೆಯಲ್ಲಿ *ಹಿಂದಿನ* ಎಂಬ ಪದ. ಆರೋಪ: ಕಾಲಕ್ಕೂ ಜಾಗಕ್ಕೂ ಒಂದೇ ಮುಖ ತೋರಿಸಿ ಜನರನ್ನು ವಂಚಿಸಿದ್ದು. ಗಡೀಪಾರಾಗಿದ್ದರೂ ಕಳ್ಳದಾರಿಯಲ್ಲಿ ವಾಟ್ಸಪ್ ಪ್ರವೇಶಿಸಿದ್ದು. ತೀರ್ಪು: ತಪ್ಪಿತಸ್ಥ.

ಓದಿ ನೋಡಿದೆ. ನಗು ಬರಲಿಲ್ಲ.

ಎರಡನೇ ಆರೋಪಿ ಹಾರೂನ್. ಮೆಕ್ಯಾನಿಕ್ ಅಂದಮೇಲೆ ಮುಂದೆ ರಸ್ತೆ ಪ್ಯಾಡ್ ಹಾಕುವಾಗ ಕೈ ನಡುಗಬೇಡವೇ? ಮೂರನೇ ಆರೋಪಿ ಕೋಚು. ನಾಲ್ಕನೇ...

9 ಮಾರ್ಚ್, ಭಾನುವಾರ

ಆರು ಹೆಸರು ಪ್ರಕಟವಾಗಿವೆ. ಅವಳದಿಲ್ಲ. ಇರಲು ಹೇಗೆ ಸಾಧ್ಯ?

ರಂಜಾನಿನ ರೋಜಾ ನಡೆದಿದೆ. ಸಂಜೆ ಖರ್ಜೂರ ತೆಗೆದುಕೊಂಡು ಅವರ ಮನೆಗೆ ಹೋದೆ. ಶಗುಫ್ತಾ ಒಳಗಿನ ಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಮುಮತಾಜ್ ಖಾಲಾ ಬಟ್ಟಲು ತುಂಬ ಗಂಜಿ ಕೊಟ್ಟರು. ಬೈಯಲಿಲ್ಲ. "ನೀ ಯಾಕ ಸೊರಗೀದಿ ಬೇಟಾ? ನಿಂದೇನ್ ತಪ್ಪೈತಿ? ಫೋನ್ ಚಾರ್ಜಿಗಿತ್ತಂತಲಾ. ಅಕೀ ಹಣ್ಯಾಗ ಬರದಿದ್ದಿಲ್ಲ."

ಗಂಜಿ ಬಿಸಿಯಿತ್ತು. ನಾಲಿಗೆ ಸುಟ್ಟಿತು. ಅಷ್ಟೂ ಕುಡಿದೆ.

ಬರುವಾಗ ಗ್ಯಾರೇಜ್ ಹಾದು ಬಂದೆ. ಗೋಡೆ ಮೇಲಿನ ಶಾಸನ ಹಾಗೇ ಇದೆ. ಹಾರೂನ್ ಕಿತ್ತಿಲ್ಲ. ಕಿತ್ತಿದ್ದರೆ ಚೆನ್ನಾಗಿತ್ತು.

6 ಏಪ್ರಿಲ್, ಭಾನುವಾರ

ಅಂಗಡಿಗೆ ಬಂದಿದ್ದಳು. ಪ್ಲಾಸ್ಟರ್ ತೆಗೆದಿದ್ದಾರೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲವಂತೆ, ತೋರಿಸಿದಳು. ಸ್ಟೇರಿಂಗ್ ತಿರುಗಿಸುವಂತೆಯೇ ತೋರಿಸಿದಳು. ಅರ್ಧಕ್ಕೆ ನಿಂತಿತು.

ಕೌಂಟರಿನ ಮೇಲೆ ಒಂದು ಪ್ಯಾಡ್ ಇಟ್ಟಳು. ಮುಂದಿನದು. ಪ್ಯಾಡಿನ ಮುಖ ಸುಟ್ಟು ಗಾಜಿನಂತೆ ಹೊಳೆಯುತ್ತಿತ್ತು.

"ಜೂನಿಂದ ನವಲಗುಂದದಾಗ ಒಂದ ಸಾಲಿಗೆ ಹೊಂಟೀನಿ. ಐದನೇತ್ತಾ ಗಣಿತ." ಒಂದು ಬೋಲ್ಟ್ ಎತ್ತಿ ನೋಡಿ ಕೆಳಗಿಟ್ಟಳು. "ಗಾಡಿ ಇನ್ನ ನೀ ಓಡಸಲೇ. ಹಾರೂನಗ ಹೇಳೀನಿ."

"ನನಗ ಬ್ಯಾಡ."

"ಯಾಕ? ಡಿಸೆಂಬರ್‌ನಾಗ ಅಷ್ಟ ಬೇಕಾಗಿತ್ತಲಾ ನಿನಗ." ನಕ್ಕಳು. ಕುಟುಕಲು ಅಲ್ಲ. ನಿಜವಾಗಿಯೂ ಕೊಡುತ್ತಿದ್ದಳು. "ಅವತ್ತ ನೀ ಫೋನ್ ಎತ್ತಿದ್ರ ಒಂದ ಶಬ್ದ ಕೇಳ್ತಿದ್ದೆ. *ನಾಕಕ್ಕೂ ಏನು?* ಅಂತ. ಅಷ್ಟ. ಇರ್ಲಿ ಬಿಡು. ಚಾರ್ಜಿಗಿತ್ತಂದ್ರ ನೀ ಏನ್ ಮಾಡ್ತಿ?"

ಹೋದಳು. ಸಂಜೆ ಗ್ಯಾರೇಜಿಗೆ ಹೋಗಿ ತಾಡಪತ್ರಿ ಸರಿಸಿ ಒಳಗೆ ಕೂತೆ. ಸೀಟು ಅವಳ ಅಳತೆಗೇ ಇದೆ. ಮೊಣಕಾಲು ಸ್ಟೇರಿಂಗಿಗೆ ಬಡಿಯುತ್ತದೆ. ಹಿಂದಕ್ಕೆ ಸರಿಸಲಿಲ್ಲ.

7 ಏಪ್ರಿಲ್, ಸೋಮವಾರ

ಮಹಾಪ್ರಭುಗಳೇ —

ಅದು ಬೇಡ. ನೆಟ್ಟಗೆ ಬರೆಯುತ್ತೇನೆ.

ಫೋನ್ ಚಾರ್ಜಿಗೆ ಇರಲಿಲ್ಲ. ಗೋದಾಮಿಗೂ ಹೋಗಲಿಲ್ಲ. ಇದೇ ಕೌಂಟರಿನಲ್ಲಿ ಕೂತಿದ್ದೆ. ಕೈಯಲ್ಲೇ ಇತ್ತು. 11.42ಕ್ಕೆ ಅವಳ ಹೆಸರು ಬಂತು. 11.43ಕ್ಕೆ ಬಂತು. ನನ್ನನ್ನೇ ಕೇಳಲಿ, ಇನ್ನೂ ಸ್ವಲ್ಪ ಕೇಳಲಿ ಅನಿಸಿತು. 11.47ಕ್ಕೆ ಬಂದಾಗ ಬೆರಳು ಹಸಿರು ಗುಂಡಿಯ ಮೇಲೇ ಇತ್ತು. ಮುಂದಿನ ಸಲ ಎತ್ತೋಣ ಅಂದುಕೊಂಡೆ. ಮುಂದಿನ ಸಲ ಬರಲೇ ಇಲ್ಲ.