ಧೂಳೆದ್ದಿತು, ಚೂರು ಬೀಳಲಿಲ್ಲ

ಕೋಮಲಾ,

ಇವತ್ತು ಬೆಳಿಗ್ಗೆ ನಿಮ್ಮವ್ವನ ಫೋನಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚುಗಳಿದ್ದವು. ರೊಟ್ಟಿ ಬಿಟ್ಟೆದ್ದು ಬಂದು, ಕೊರಿಯಾದ ಚಾಂಪಿಯನ್‌ಷಿಪ್‌ನಲ್ಲಿ ನೀನು ಬಂದೂಕು ಎತ್ತುವುದನ್ನು ನನ್ನ ಜೊತೆ ನೋಡಿದಳು. ಹಾರಿಬಂದ ಕೊನೆಯ ಮಣ್ಣಿನ ಬಿಲ್ಲೆಯಿಂದ ಧೂಳೆದ್ದಿತು. ರೆಫರಿ ಗುರಿ ತಪ್ಪಿತೆಂದ. ನಿನಗೆ ಫೈನಲ್ ಕೈತಪ್ಪಿತು.

“ತಾಗೈತಲ್ಲವ್ವಾ, ಧೂಳೆದ್ದೈತಿ ನೋಡು!” ಎಂದಳು ನಿಮ್ಮವ್ವ.

“ಚೂರು ಬೀಳ್ಬೇಕು ದೊಡ್ಡವ್ವ. ಬರೀ ಧೂಳು ಲೆಕ್ಕಕ್ಕಿಲ್ಲ.”

“ಆ ರೆಫರೀನ ತಂದು ನನ್ನ ಒಲಿ ಮುಂದ ಕುಂದ್ರಸು, ಕಣ್ಣು ಕಾಣ್ತಾವ!”

ಆಮೇಲೆ ನಿಮ್ಮಣ್ಣ ತಿಪ್ಪೇಶ ಬಂದ. ನಿನ್ನ ಶೂಟಿಂಗ್ ಕಲಿಕೆಯ ಗುಟ್ಟನ್ನು ನಿಮ್ಮಪ್ಪನಿಗೆ ಹೇಳಿ, ನೀನು ಮನೆ ಬಿಡುವಂತೆ ಮಾಡಿದವನು ಅವನೇ ಎಂದು ನೀವೆಲ್ಲ ನಂಬಿದ್ದೀರಿ. ಮೂರು ವರ್ಷದಿಂದ ನಿಮ್ಮವ್ವ ಅವನನ್ನು ಮಾತಾಡಿಸಿಲ್ಲ. ತಟ್ಟೆ ಇಟ್ಟಳು. ಅವನು ತಲೆ ತಗ್ಗಿಸಿ ಉಂಡು, ಹರಪನಹಳ್ಳಿ ಬಸ್ಸಿಗೆ ಹೋದ.

ಈ ಪತ್ರ ನಿನಗೆ ಕಳಿಸಲಾರೆ. ನಿಮ್ಮಪ್ಪನಿಗೆ ಆ ಗುಟ್ಟು ಹೇಳಿದವಳು ನಾನು ಎಂದು ನಾಳೆ ನಿಮ್ಮವ್ವನಿಗೆ ಹೇಳುತ್ತೇನೆ, ತಿಪ್ಪೇಶಣ್ಣನ ಎದುರಿಗೇ.