ಪಾಳಿಯ ಗೀರು

ಅಣ್ಣಿಗೇರಿ
೧೮ ನವೆಂಬರ್ ೨೦೨೪

ಪ್ರೀತಿಯ ಅಜ್ಜಾ,

ನಿಮ್ಮ ಶಿಸ್ತಿನ, ಮಿತಭಾಷಿ, ಯಾರ ತಂಟೆಗೂ ಹೋಗದ ಮೊಮ್ಮಗನ ನಮಸ್ಕಾರಗಳು. ನಗಬೇಡಿರಿ, ಕಣ್ಣಿಗೆ ತ್ರಾಸಾದೀತು. ಆಪರೇಷನ್ ಆದ ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೇ? ಔಷಧ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತೀರೋ, ಇಲ್ಲಾ ಮಿರಜಿನ ಡಾಕ್ಟರರಿಗೇ ಡಾಕ್ಟರಕಿ ಕಲಿಸುತ್ತಿದ್ದೀರೋ? ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುವುದಿಲ್ಲ, ಉಳಿದರ್ಧ ಹೀರಾಬಾಯಿ ಅತ್ತಿ ತಾನೇ ಮಾತಾಡಿಬಿಡುತ್ತಾಳೆ. ಈ ಸುದ್ದಿ ಮಾತ್ರ ಪೂರ್ತಿ ಮುಟ್ಟಬೇಕು, ಅದಕ್ಕೇ ಕಾಗದ. ಅತ್ತೀ, ಗಟ್ಟಿಯಾಗಿ ಓದು, ನಡುವೆ ನಿನ್ನ ಮಾತು ಸೇರಿಸಬೇಡ.

ನೀವು ಆಸ್ಪತ್ರೆಗೆ ಹೋಗುವಾಗ ಬಿಚ್ಚಿಟ್ಟ ಕೈಗಡಿಯಾರದ ವಿಷಯ. ಮುಂಬೈ ಬಂದರಿನ ಗೋದಿಯಲ್ಲಿ ನೀವು ಮುಳುಗುಗಾರರ ಗಾಳಿಯ ಕೊಳವೆ ಹಿಡಿಯುತ್ತಿದ್ದಾಗ ಒಬ್ಬ ಮುಳುಗುಗಾರ ಕೈಯಿಂದ ಬಿಚ್ಚಿ ಕೊಟ್ಟಿದ್ದೆಂದು ನೀವು ಹೇಳುವುದೂ, "ಬಾಳಣ್ಣಾ, ಅದು ಬೊಂಬಾಯಿ ಫುಟ್‌ಪಾತಿನ ಮಾಲು" ಎಂದು ಗುಡದಪ್ಪ ಕಾಕಾ ನಗುವುದೂ ನಾನು ಹುಟ್ಟುವ ಮೊದಲಿನಿಂದ ನಡೆದು ಬಂದಿದೆ. ನೀವು ಇಲ್ಲದಾಗಲೂ ಅವರು ಬಿಡಲಿಲ್ಲ. ಆದ್ದರಿಂದ ನಾನು ಕಟ್ಟೆಯ ಮೇಲೆ ನಿಂತು ಪಂಥ ಕಟ್ಟಿದೆ: ಗಡಿಯಾರ ನಕಲಿ ಆದರೆ ನನ್ನ ಅರ್ಧ ಮೀಸೆ ಹೋಗಬೇಕು, ಅಸಲಿ ಆದರೆ ಕಾಕಾ ನಿಮ್ಮೆದುರು ನಿಂತು ತಪ್ಪಾಯಿತು ಅನ್ನಬೇಕು. ನನ್ನ ಮೀಸೆ ಈಗಷ್ಟೇ ಮೀಸೆಯಂತೆ ಕಾಣುತ್ತಿದೆ ಎಂಬುದನ್ನು ಮಹಾಜನರು ಗಮನಿಸಬೇಕು.

ಹಳೆಯ ಡೈವಿಂಗ್ ಗಡಿಯಾರ ಸಂಗ್ರಹಿಸುವ ಹುಬ್ಬಳ್ಳಿಯ ಇಸ್ರಾರ್ ಸಾಹೇಬರಿಗೆ ಫೋಟೋ ಕಳಿಸಿದೆ. ಭಾನುವಾರ ತಾವೇ ಕಟ್ಟೆಗೆ ಬಂದರು. ಅವರು ಬರುತ್ತಾರೆಂದು ಅವ್ವ ಹಬ್ಬದ ತಾಮ್ರದ ಕೊಡಗಳ ಜೊತೆ ಗಡಿಯಾರಕ್ಕೂ ಹುಣಸೆಹಣ್ಣು ಹಚ್ಚಲು ಕೂತಿದ್ದಳು, ಕಸಿದುಕೊಂಡು ಓಡಿದೆ. ಸಾಹೇಬರು ಕೇಳಿ ಎದೆ ಹಿಡಿದುಕೊಂಡರು. ಉಜ್ಜಿ ಹೊಳಪು ಮಾಡಿದ ಗಡಿಯಾರ ಈ ಮಂದಿಗೆ ಸತ್ತಂತೆಯಂತೆ. ಪಟ್ಟಿಯ ಸಂದಿಯಲ್ಲಿ ದಸರೆಯ ಖಂಡೆಪೂಜೆಯ ಕುಂಕುಮ ಸಿಕ್ಕಾಗ, "ಇದನ್ನ ಯಾರೂ ಉಜ್ಜಿಲ್ಲ, ಭಾಳ ಛಲೋ ಆತು" ಎಂದರು. ಡಯಲಿನ ಚುಕ್ಕೆಗಳೂ ಮುಳ್ಳುಗಳೂ ಹಳೆಯ ಬೆಣ್ಣೆಯ ಒಂದೇ ಬಣ್ಣಕ್ಕೆ ತಿರುಗಿದ್ದು ನೋಡಿ ತಲೆಯಾಡಿಸಿದರು. ಒಂದು ಹೊಸದಾಗಿ ಇನ್ನೊಂದು ಹಳೆಯದಾಗಿದ್ದರೆ ಯಾರೋ ಬದಲಿಸಿದ್ದಾರೆಂದು ಅರ್ಥವಂತೆ. ಹಿಂದಿನ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ಯಂತ್ರ ನೋಡಿದರು. ಅದೂ ಸರಿ.

ಆಮೇಲೆ ಡಯಲಿನ ಸುತ್ತ ತಿರುಗುವ ಉಂಗುರಕ್ಕೆ ಬಂದು ನಿಂತರು. ನೀರಿನ ಕೆಳಗೆ ಎಷ್ಟು ನಿಮಿಷ ಆಯಿತೆಂದು ಮುಳುಗುಗಾರರಿಗೆ ತೋರಿಸುವುದೇ ಆ ಉಂಗುರ. ನಲವತ್ತರಾಚೆ ಒಂದು ಆಳವಾದ ಗೀರು. "ಕಂಪನಿ ಹಿಂಗ ಮಾಡೂದಿಲ್ಲ. ಉಂಗುರ ಬ್ಯಾರೆ ಕಡಿಯಿಂದ ತಂದು ಕೂಡಿಸಿದ್ದರೂ ಇರಬಹುದು" ಎಂದರು. ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಗುಡದಪ್ಪ ಕಾಕಾ ಸುಮ್ಮನೆ ಕೂತಿದ್ದರೆ ಸಾಕಿತ್ತು, ಗೆಲುವು ಅವರದೇ. ಅವರು ಎದ್ದು ನಿಂತರು.

"ಆ ಗೀರು ನಾನ ಹೊಡಿಸಿದ್ದರಿ" ಎಂದರು. "ಕಾಲಿವಿ ನೀರಿನ ಪಾಳಿ ಇದರ ಮ್ಯಾಲೇ ನಡೀತದ. ತೂಬು ತಗದಾಗ ಉಂಗುರ ತಿರುವಿ ಸೊನ್ನಿ ಮುಳ್ಳಿಗೆ ಹಚ್ಚೂದು, ಮುಳ್ಳು ಗೀರಿಗೆ ಬಂದಾಗ ಮುಚ್ಚೂದು. ನನ್ನ ಪಾಳ್ಯಾಗ ನೀ ನೀರು ಕದೀತಿ ಅಂತ ನಾ ಬಾಳಣ್ಣನ ಜೋಡಿ ಜಗಳಾ ತಗದೆ. ಎಲ್ಲಾರಿಗೂ ಕಾಣ್ಲಿ ಅಂತ ಅಂವಾ ನನ್ನ ಮುಂದ ಚಾಕೂಲೆ ಗೀರಿದ. ಬೊಂಬಾಯಿಂದ ತಂದ ದಿನದಿಂದ ಇದ ಉಂಗುರರಿ. ಕದ್ದಾನೇನಂತ ಪ್ರತಿ ಪಾಳಿಗೆ ನಾನ ಕಣ್ಣಿಟ್ಟು ನೋಡೇನಿ."

ಸಾಹೇಬರು ಮತ್ತೆ ಭೂತಗನ್ನಡಿ ಹಿಡಿದು ಉಂಗುರದ ಅಂಕಿಗಳನ್ನು, ಸವೆತವನ್ನು ಬಹಳ ಹೊತ್ತು ನೋಡಿದರು. ಅಸಲಿ, ಅಜ್ಜಾ. ಮೇಲಿಂದ ಕೆಳಗೆ, ಒಳಗೆ ಹೊರಗೆ ಅಸಲಿ. ಕೇಳಿದಷ್ಟು ಕೊಡುತ್ತೇನೆ, ಹೊಸ ಉಂಗುರ ಹಾಕಿಸಿ ಇಟ್ಟುಕೊಳ್ಳುತ್ತೇನೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಆ ಗೀರು ಹೋದ್ರ ನಮ್ಮ ನೀರು ನೀವು ಹುಬ್ಬಳ್ಳಿಂದ ಬಂದು ಅಳೀತೀರೇನ್ರಿ?" ಎಂದರು. ಸಾಹೇಬರು ನಕ್ಕು ಚಹಾ ಕುಡಿದು ಹೋದರು. ಕಾಕಾ ಈಗ ನಿಮ್ಮೆದುರು ತಪ್ಪಾಯಿತು ಅನ್ನುವುದನ್ನು ಎಮ್ಮೆಯ ಮುಂದೆ ರೂಢಿ ಮಾಡುತ್ತಿದ್ದಾರೆ. ಎಮ್ಮೆ ಇನ್ನೂ ಒಪ್ಪಿಲ್ಲ.

ಅವ್ವ ಅಪ್ಪನ ನಮಸ್ಕಾರ. ಅತ್ತಿಗೂ ನಮಸ್ಕಾರ, ಇಷ್ಟು ಹೊತ್ತು ಸುಮ್ಮನಿದ್ದುದಕ್ಕೆ. ಕಣ್ಣು ಉಜ್ಜಬೇಡಿರಿ.

ಇಂತಿ ನಿಮ್ಮ,
ಪೂರ್ಣ ಮೀಸೆಯ ವಿಕ್ರಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಾಲುವೆಗೆ ನೀರು ಬಂತು. ನೀವಿಲ್ಲದೆ ಪಾಳಿಯ ಹೊತ್ತು ಯಾರು ನೋಡಬೇಕೆಂದು ತಕರಾರು ನಡೆದಾಗ ಗುಡದಪ್ಪ ಕಾಕಾ ಗಡಿಯಾರವನ್ನು ನನ್ನ ಕೈಗೆ ಕಟ್ಟಿದರು. "ಚ್ಯಾಷ್ಟಿ ಮಾಡಿದ್ರ ಕಾಲಿವ್ಯಾಗ ಒಗೀತೇನಿ ನೋಡಲೇ" ಎಂದರು. ಮೊದಲ ಪಾಳಿ ಅವರದೇ. ಇನ್ನೊಂದೀಟು ಬಿಡು ಎಂದು ಅಂಗಲಾಚಿದರು, ನಾನು ಬಿಡಲಿಲ್ಲ. ನಮ್ಮ ಪಾಳಿ ಬಂದಾಗ ಎಲ್ಲರೂ ಊಟಕ್ಕೆ ಹೋಗಿದ್ದರು. ನಮ್ಮ ಕಡಲೆಯ ಎರಡು ಸಾಲು ಇನ್ನೂ ಒಣಗಿದ್ದವು, ನೋಡುವವರು ಯಾರೂ ಇರಲಿಲ್ಲ. ಮುಳ್ಳು ಗೀರಿಗೆ ಬಂತು. ನಾನು ತೂಬು ಮುಚ್ಚಿದೆ, ಅಜ್ಜಾ.